ಬಿಚ್ಚಪ್ಪನ ಹದಿನೇಳನೇ ತೊಲೆ

ನಮ್ಮನೆಯವರಿಗೆ ಬಿಚ್ಚಪ್ಪ ಅಂತ ಹೆಸರಿಟ್ಟವಳು ನನ್ನ ನಾದಿನಿ. ಊರೆಲ್ಲ ಹರಡಿದವಳು ನಾನು. ಕಟ್ಟಡದ ಎಂಜಿನಿಯರ್ ಅಂದಮೇಲೆ ಕಟ್ಟುವುದನ್ನು ಯೋಚಿಸಬೇಕು ತಾನೇ? ಈ ಮಹಾನುಭಾವರು ಬಿಚ್ಚುವುದನ್ನೇ ಮೊದಲು ಯೋಚಿಸುತ್ತಿದ್ದರು. ನಮ್ಮನೆಯ ಮಂಚ, ಕಪಾಟು, ಊಟದ ಮೇಜು ಎಲ್ಲವೂ ಬೋಲ್ಟಿನವು. ಒಮ್ಮೆ ನಮ್ಮಪ್ಪ ಮಂಚದ ಸಮೇತ ನೆಲಕ್ಕೆ ಬಿದ್ದರು. ಇವರು ಮಾವನನ್ನು ಎತ್ತುವುದು ಬಿಟ್ಟು, "ನೋಡಿದ್ಯಾ, ಒಂದು ಹಲಗೆಯೂ ಮುರಿದಿಲ್ಲ!" ಎಂದು ಹಿಗ್ಗಿದರು. ಇಂಥವರ ಜೊತೆ ಏಗಿದ್ದೇನೆ ನಾನು.

ಅವರ ವಾದ ಇಷ್ಟೇ. ಕಾಂಕ್ರೀಟಿನ ತೊಲೆ ನೂರು ವರ್ಷ ಬಾಳುತ್ತದೆ, ಕಟ್ಟಡ ಮಾತ್ರ ಮೂವತ್ತು ನಲವತ್ತು ವರ್ಷಕ್ಕೇ ಯಾರಿಗೋ ಬೇಡವಾಗುತ್ತದೆ. ಗಟ್ಟಿಮುಟ್ಟಾದ ತೊಲೆಯನ್ನು ಪುಡಿ ಮಾಡಿ ಹಳ್ಳಕ್ಕೆ ಸುರಿಯುವ ಬದಲು ಬಿಚ್ಚಿ ಇನ್ನೊಂದು ಕಡೆ ಜೋಡಿಸಬಾರದೇಕೆ? ಅದಕ್ಕೇ ಕಂಬ, ತೊಲೆಗಳನ್ನು ಬೇರೆ ಬೇರೆಯಾಗಿ ಎರಕ ಹೊಯ್ದು ಬೋಲ್ಟಿನಿಂದ ಬಿಗಿಯಬೇಕು. ಬೋಲ್ಟಿನ ಗೂಡನ್ನು ಮೆತ್ತನೆಯ ಸುಣ್ಣದ ಗಾರೆಯಿಂದ ಮುಚ್ಚಬೇಕು, ಬೇಕೆಂದಾಗ ಕೆರೆದು ತೆಗೆಯುವ ಹಾಗೆ.

"ಮದುವೆ ದಿನಾನೇ ಡೈವೋರ್ಸ್ ಪತ್ರ ಬರೆಸೋ ಹಾಗಾಯ್ತಲ್ರೀ!" ಎಂದು ಒಬ್ಬ ಮಾಲೀಕ ನಕ್ಕ. ಉಳಿದವರು ನಗುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಇವರ ಇಡೀ ವೃತ್ತಿಯಲ್ಲಿ ಹೀಗೆ ಕಟ್ಟಲು ಸಿಕ್ಕಿದ್ದು ಆರು ಕೋಣೆಯ ಒಂದೇ ಒಂದು ಶಾಲೆ. ಅದರ ಪ್ರತಿ ತೊಲೆಯ ಮೇಲೂ ಇವರೇ ಅಂಕಿ ಕೊರೆದರು. ನಕ್ಷೆಯ ಕೊನೆಯ ಹಾಳೆಯಲ್ಲಿ ಯಾವುದಾದ ಮೇಲೆ ಯಾವುದನ್ನು ಬಿಚ್ಚಬೇಕೆಂದು ಬರೆದಿಟ್ಟರು.

ಮೂವತ್ತೆರಡು ವರ್ಷದ ಮೇಲೆ ಆ ಶಾಲೆ ಹೊಸ ರಸ್ತೆಗೆ ಅಡ್ಡ ಬಂತು. ಸೋಮವಾರ ಒಡೆಯುವ ಯಂತ್ರ ಬರುವುದೆಂದಾಯಿತು. ನಿವೃತ್ತರಾಗಿ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಕೂತಿದ್ದ ನಮ್ಮನೆಯವರು ನಕ್ಷೆಯನ್ನು ಕಂಕುಳಲ್ಲಿಟ್ಟುಕೊಂಡು ಲೋಕೋಪಯೋಗಿ ಕಚೇರಿಗೆ ಓಡಿದರು. ಅಲ್ಲಿಯ ಅಧಿಕಾರಿಣಿ ವಯಸ್ಸಿಗೆ ಮರ್ಯಾದೆ ಕೊಟ್ಟಳು.

"ಶನಿವಾರ ಸಂಜೆಯೊಳಗೆ ಒಂದು ತೊಲೆ ಮುರೀದೆ ಇಳಿಸಿ ತೋರಿಸಿ ಸಾರ್. ಇಳಿದ್ರೆ ಎಲ್ಲಾ ಬಿಚ್ಚಿಸಿ ಹೊಸ ಶಾಲೆಗೆ ಹಾಕೋಣ. ಇಲ್ದಿದ್ರೆ ಒಡೀತೀವಿ."

ಶನಿವಾರ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ನಾನೂ ಹೋದೆ. ಗೇಲಿ ಮಾಡಲು ನಾಲ್ಕು ಮಾತನ್ನೂ ಸಿದ್ಧ ಮಾಡಿಕೊಂಡಿದ್ದೆ. ಚಾವಣಿಯ ಚಪ್ಪಡಿಗಳನ್ನು ಕ್ರೇನ್ ಬೆಳಿಗ್ಗೆಯೇ ಎತ್ತಿಟ್ಟಿತ್ತು. ಕೊನೆಗೆ ಜೋಡಿಸಿದ್ದು ಹದಿನೇಳನೇ ತೊಲೆ. ಮೊದಲು ಬಿಚ್ಚಬೇಕಾದದ್ದೂ ಅದೇ. ಕೆಲಸದವನು ಉಳಿಯಿಟ್ಟು ಹೊಡೆದರೆ ಗಾರೆ ಉದುರಲಿಲ್ಲ, ಕಿಡಿ ಹಾರಿತು. ಒಳಗಿದ್ದದ್ದು ಸುಣ್ಣವಲ್ಲ, ಅಪ್ಪಟ ಸಿಮೆಂಟು!

ನಮ್ಮನೆಯವರ ಮುಖ ನೋಡಲಾಗಲಿಲ್ಲ. ನನ್ನ ನಾಲ್ಕು ಮಾತನ್ನೂ ಮರೆತು ಕಾಫಿ ಬಗ್ಗಿಸಿ ಅವರ ಮುಂದೆ ಹಿಡಿದೆ.

ಆಗ ಮೆಟ್ಟಿಲ ಮೇಲಿಂದ ಒಬ್ಬ ಮುದುಕರು ಎದ್ದರು. ಆ ಶಾಲೆ ಕಟ್ಟಿದ ಮೇಸ್ತ್ರಿ. ಸುದ್ದಿ ಕೇಳಿ ಬಂದು ಬೆಳಿಗ್ಗೆಯಿಂದ ಬಾಯಿಬಿಡದೆ ಕೂತಿದ್ದರು.

"ಅದು ನನ್ನ ಕೆಲಸ ಸಾರ್. ನೀವು ಸುಣ್ಣ ಅಂದಿದ್ರಿ. ಈ ಕೋಣೇಲಿ ನನ್ನ ಮಗಳು ಕೂತು ಓದ್ಬೇಕಿತ್ತು. ಮೆತ್ತನೆ ಸುಣ್ಣ ಹಾಕೋಕೆ ಕೈ ಬರ್ಲಿಲ್ಲ. ಇದೊಂದು ಕೋಣೆ ಮಾತ್ರ, ದೇವರಾಣೆ."

"ಮೂವತ್ತೆರಡು ವರ್ಷ ಹೇಳ್ಲಿಲ್ವಲ್ಲಯ್ಯಾ!"

"ನಿಜವಾಗ್ಲೂ ಬಿಚ್ತೀರಿ ಅಂತ ಯಾರಿಗೆ ಗೊತ್ತಿತ್ತು ಸಾರ್?"

ನನಗೆ ನಗು ಬಂತು, ಅಂಥ ಹೊತ್ತಿನಲ್ಲೂ. ಮೇಸ್ತ್ರಿ ಉಳಿ ಕಿತ್ತುಕೊಂಡು ಏಣಿ ಹತ್ತಿದರು. ಹಾಕಿದ ಕೈಗೇ ಗೊತ್ತು, ಎಲ್ಲಿ ಎಷ್ಟು ಹೊಡೆಯಬೇಕೆಂದು. ತೊಲೆಯ ಅಂಚು ಸೀಳದ ಹಾಗೆ, ಚೂರುಚೂರೇ. ನಾಲ್ಕು ಬೋಲ್ಟು, ಐದು ಗಂಟೆಯ ಕೆಲಸ. ಇವರು ಕೆಳಗೆ ಏಣಿ ಹಿಡಿದು ನಿಂತವರು ಕಾಫಿಯನ್ನೂ ಮುಟ್ಟಲಿಲ್ಲ. ಅಧಿಕಾರಿಣಿ ಗಡಿಯಾರ ನೋಡಿಕೊಳ್ಳುತ್ತಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ನಾಲ್ಕನೇ ನಟ್ಟು ಕಿರ್ರೆಂದು ತಿರುಗಿತು.

ಕ್ರೇನಿಗೆ ತೂಗಿದ ತೊಲೆ ನೆಲ ಮುಟ್ಟಿತು, ಒಂದು ಮೂಲೆಯೂ ಮುಕ್ಕಾಗದೆ. ತಾವು ಕೊರೆದ ಅಂಕಿಯ ಮೇಲೆ ಕೈಯಿಟ್ಟು ನಮ್ಮನೆಯವರು ಅತ್ತುಬಿಟ್ಟರು. ಸುಳ್ಳೇಕೆ, ನಾನೂ ಅತ್ತೆ.

ಹೊಸ ಜಾಗದಲ್ಲಿ ಶಾಲೆ ಎದ್ದಾಗ ಹದಿನೇಳನೇ ತೊಲೆಯ ಗೂಡು ಮುಚ್ಚಲು ಮೇಸ್ತ್ರಿಯೇ ಬಂದರು.

"ಈ ಸಲ ಸುಣ್ಣ ತಾನೇ?" ಇವರು ಅನುಮಾನದಿಂದ ಕೇಳಿದರು.

"ಸುಣ್ಣಾನೇ ಸಾರ್. ಆವತ್ತೇನೋ ತಪ್ಪು ಒಪ್ಕೊಳ್ಳೋಕೆ ನಾನಿದ್ದೆ. ಮುಂದಿನ ಸಲ ಬಿಚ್ಚೋವಾಗ ನಾನಿರಲ್ವಲ್ಲ."

ಇವರು ಗಾರೆಯ ಬಾಂಡ್ಲಿಯನ್ನು ತಾವೇ ಎತ್ತಿ ಅವರ ಕೈಗೆ ಕೊಟ್ಟರು.