ಕಡಿಯದ ಎಳೆಯ ತಂಬಿಟ್ಟು

ನಮ್ಮ ಮನೆಯ ತಂಬಿಟ್ಟು ಕಲ್ಲಿನಂತಿರುತ್ತದೆ ಎಂಬುದು ಬೀದಿಗೆಲ್ಲ ಗೊತ್ತು. ಗೊತ್ತು ಮಾಡಿದವನು ನಾನೇ. ಅದನ್ನು ಕಚ್ಚಿದ ಒಬ್ಬೊಬ್ಬರ ಮುಖವನ್ನೂ ಮಾಡಿ ತೋರಿಸಬಲ್ಲೆ: ಒಂದು ಕಣ್ಣು ಮುಚ್ಚಿ ದವಡೆ ಓರೆ ಮಾಡುವ ಅಮ್ಮ, ಹಲ್ಲು ಜಾಗದಲ್ಲೇ ಇದೆಯೇ ಎಂದು ನಾಲಿಗೆಯಿಂದ ತಡವಿಕೊಳ್ಳುವ ಅಪ್ಪ. ನನ್ನ ಮುಖವನ್ನೂ ಮಾಡುತ್ತೇನೆ. ಅದಕ್ಕೆ ಶ್ರಮ ಬೇಡ, ಸುಮ್ಮನೆ ನಿಂತರೂ ಜನ ನಗುತ್ತಾರೆ.

ಕಲ್ಲಾಗುವುದಕ್ಕೆ ಕಾರಣ ಅಜ್ಜಿಯ ಕೈ. ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ಮಗ್ಗದ ಮನೆ. ಮಗ್ಗಕ್ಕೆ ಉದ್ದಕ್ಕೆ ಹಾಸಿದ ಎಳೆ ಕಡಿದರೆ ಹುಡುಕಿ ಕೂಡಿಸುವುದು ಅಜ್ಜಿಯ ಜೀವಮಾನದ ಕೆಲಸ. ಬೇರೆ ಮನೆಗಳಲ್ಲಿ ಬೆಲ್ಲದ ಪಾಕವನ್ನು ಎರಡು ಬೆರಳ ನಡುವೆ ಎಳೆದು ನೋಡಿ, ಎಳೆ ಬಂದು ಪಟ್ಟನೆ ಕಡಿದರೆ ಒಲೆ ಆರಿಸುತ್ತಾರೆ. ಅಜ್ಜಿಗೆ ಕಡಿದ ಎಳೆಯನ್ನು ನೋಡಲಾಗದು. ಅದು ಕಡಿಯದಷ್ಟು ಬಿಗಿಯಾಗುವ ತನಕ ಕುದಿಸುತ್ತಲೇ ಇರುತ್ತಾಳೆ.

“ಇದು ಸೀರೆ ನೇಯಕ್ಕಲ್ಲ ಕಣಜ್ಜಿ, ತಿನ್ನಕ್ಕೆ” ಎಂದರೆ, “ಬಾಯ್ ಮುಚ್ಕಂಡಿರ್ಲಾ, ಅಡ್ಡಕಸಬಿ” ಎನ್ನುತ್ತಾಳೆ.

ಇದೆಲ್ಲ ತಮಾಷೆಯಾಗಿಯೇ ಇತ್ತು, ಹೋದ ಶಿವರಾತ್ರಿಯ ತನಕ. ಅಂದು ತಾತ ಉಪವಾಸ. ಉಪವಾಸಕ್ಕೆ ಅವನು ತಿನ್ನುವುದೇ ತಂಬಿಟ್ಟು ಮತ್ತು ಹಣ್ಣು. ಆ ವರ್ಷ ಅವನ ಬಾಯಲ್ಲಿ ಮುಂದಿನ ಹಲ್ಲುಗಳಷ್ಟೇ ಉಳಿದಿದ್ದವು. ಉಂಡೆಯನ್ನು ದವಡೆಗೆ ಒತ್ತಿಕೊಂಡು, ನೀರು ಕುಡಿದು, ಕೊನೆಗೆ ಯಾರೂ ನೋಡುತ್ತಿಲ್ಲವೆಂದು ಟವಲಿನಲ್ಲಿ ಸುತ್ತಿಟ್ಟ. ನಾನು ನೋಡುತ್ತಿದ್ದೆ, ನೋಡುವುದೇ ನನ್ನ ಕಸುಬು. ಅಜ್ಜಿ ಕೇಳಿದಾಗ “ಅಸಿವಿಲ್ಲ ಬುಡು” ಎಂದ. ಹೆಂಡತಿ ಮಾಡಿದ್ದನ್ನು ಅಗಿಯಲಾಗದು ಎಂದು ಬಾಯಿಬಿಟ್ಟು ಹೇಳುವ ಆಸಾಮಿಯಲ್ಲ ಅವನು. ಬರೀ ಬಾಳೆಹಣ್ಣಿನಲ್ಲಿ ದಿನ ದೂಡಿದ. ತಾತನ ಎಲ್ಲ ಅಣಕಗಳನ್ನೂ ಮಾಡುವ ನನಗೆ ಆ ಮುಖವೊಂದನ್ನು ಮಾಡಲು ಮನಸ್ಸು ಬರಲಿಲ್ಲ.

ಈ ಸಲ ತಾತ ತಿಂದೇ ತಿನ್ನುತ್ತಾನೆ ಎಂದು ನಾನೇ ಒಲೆಯ ಮುಂದೆ ನಿಂತೆ. ಸಾವಯವ ಅಂಗಡಿಯಿಂದ ಅಮ್ಮ ಜವೆಗೋಧಿ ಹಿಟ್ಟು ತಂದಿದ್ದಳು. “ಅಳೇ ತಳಿ ಕಣಕ್ಕಾ, ನಿಮ್ ತಾತನ ತಾತ ತಿಂತಿದ್ದುದ್ದು” ಎಂದಿದ್ದನಂತೆ ಅಂಗಡಿಯವನು. ಕೆಂಪು ಛಾಯೆ, ಕೈಗೆ ತರಿತರಿ. ತುಪ್ಪದಲ್ಲಿ ಸಣ್ಣ ಉರಿಗೆ ಹುರಿದಾಗ ಎದ್ದ ಘಮಕ್ಕೆ ತಾತನ ಮಗ್ಗದ ಸದ್ದು ನಿಂತಿತು. ಕೊಬ್ಬರಿ ತುರಿ, ಹುರಿದ ಎಳ್ಳು ಸೇರಿಸಿದೆ. ಏಲಕ್ಕಿ ಬಾಳೆಹಣ್ಣು ಕಿವುಚತೊಡಗಿದಾಗ ಅಮ್ಮ ತಡೆದಳು.

“ಅಣ್ಣಾಕಿದ್ರೆ ನಾಳೀಕೆ ಉಳಿಯಲ್ಲ ಕಣ್ಲಾ.”

“ಉಳಿಯಬಾರ್ದು ಅಂತ್ಲೇ ಆಕ್ತಾ ಇರೋದು.”

ಉಳಿದದ್ದು ಪಾಕ. ಅಜ್ಜಿ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ, ಬಾಣಲೆಯ ಮುಂದೆ ನಿಂತಳು. ಎಳೆ ಬಂತು, ಕಡಿಯಿತು. “ಇನ್ನೂ ಬರ್ಬೇಕು” ಎಂದಳು. ಇನ್ನೂ ಬಂದರೆ ತಾತನಿಗೆ ಮತ್ತೆ ಬಾಳೆಹಣ್ಣೇ ಗತಿ.

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ನಮ್ಮ ಬೀದಿಯಲ್ಲೇ ಹಾಯುತ್ತಾರೆ. ಅವರ ಕೂಗು ಕೇಳಿದರೆ ಅಜ್ಜಿ ಎಂಥ ಕೆಲಸವನ್ನೂ ಬಿಟ್ಟು ಪಾನಕದ ಬಿಂದಿಗೆ ಎತ್ತಿಕೊಂಡು ಬಾಗಿಲಿಗೆ ಓಡುತ್ತಾಳೆ. ನಾನು ಹಿತ್ತಲಿಗೆ ಹೋದೆ, ಸದ್ದು ದೂರದಿಂದ ಬಂದಂತಿರಲೆಂದು ಗೋಡೆಯ ಕಡೆಗೆ ಬಾಯಿ ತಿರುಗಿಸಿದೆ. ಮೊದಲು ಒಬ್ಬ ಮುದುಕ, ಆಮೇಲೆ ಗಂಟಲು ಕಟ್ಟಿದ ಹೆಂಗಸು, ಆಮೇಲೆ ಇಡೀ ಗುಂಪು, ಎಲ್ಲ ನಾನೊಬ್ಬನೇ: “ಉಘೇ ಮಾದಪ್ಪ! ಉಘೇ ಉಘೇ!” ಮಾದಪ್ಪ ಕ್ಷಮಿಸಿರಬೇಕು. ಚೆನ್ನಾಗಿಯೇ ಬಂದಿತ್ತು.

ಬಿಂದಿಗೆ ಬೀದಿ ಬಾಗಿಲು ದಾಟಿತು. ನಾನು ಓಡಿ ಬಂದು ಒಲೆ ಆರಿಸಿ, ಹಿಟ್ಟು, ಹಣ್ಣು ಎಲ್ಲವನ್ನೂ ಪಾಕಕ್ಕೆ ಸುರಿದು ತಿರುವಿದೆ.

“ಒಂದು ನರಪಿಳ್ಳೆನೂ ಇಲ್ವಲ್ಲಾ ಬೀದೀಲಿ!” ಎನ್ನುತ್ತ ಬಂದ ಅಜ್ಜಿ ಬಾಣಲೆ ನೋಡಿದಳು, ನನ್ನನ್ನು ನೋಡಿದಳು. “ನೀನೇನ್ಲಾ ಕೂಗಿದ್ದು? ದೇವ್ರ ಎಸರ್ನಲ್ಲಿ ಆಟ ಆಡೀಯಾ?” ಎಂದು ಸೌಟು ಎತ್ತಿದವಳು, ಬೆನ್ನಿಗೆ ಬಾರಿಸುವುದರ ಬದಲು ಒಂದಿಷ್ಟು ತೆಗೆದು ಉಂಡೆ ಕಟ್ಟಲು ನೋಡಿದಳು. ಅದು ಅಂಗೈಯಲ್ಲೇ ಚಪ್ಪಟೆಯಾಗಿ ಮಲಗಿತು. “ಮಾನ ಕಳೆದಲ್ಲೋ. ಇದನ್ನ ಯಾರ್ ತಿಂದಾರು?”

“ಇತ್ಲಾಗ್ ತಾ, ನೋಡಾನ” ಎಂದ ತಾತ, ಮಗ್ಗದ ಗುಂಡಿಯಿಂದ ಮೇಲೆದ್ದು.

ಬಾಳೆಲೆಯ ತುಂಡಿನಲ್ಲಿ ಹಾಕಿಕೊಟ್ಟೆ. ಒಂದು ತುತ್ತು ಇಟ್ಟುಕೊಂಡ. ತುಟಿ ಮುಚ್ಚಿತು, ಗಲ್ಲ ಆಡಿತು, ತುತ್ತು ಗಂಟಲಲ್ಲಿ ಇಳಿಯಿತು. ನೀರಿನ ಲೋಟಕ್ಕೆ ಕೈ ಹೋಗಲಿಲ್ಲ. ಎರಡನೆಯ ತುತ್ತಿಗೆ ಕಣ್ಣು ಮುಚ್ಚಿದ. ಎಲೆ ಬಳಿದು ಖಾಲಿ ಮಾಡಿ, “ಉಂಡೆ ಕಟ್ಟಕ್ಕೆ ಬರದ ನನ್ ಮಗನೇ, ಇನ್ನೊಸಿ ಆಕ್ಲಾ” ಎಂದ.

ಅಜ್ಜಿ ಅವನ ಬಾಯನ್ನೇ ನೋಡುತ್ತಿದ್ದಳು.

“ಓದ್ ವರ್ಸ ಅಸಿವಿಲ್ಲ ಅಂದಲ್ಲಾ?”

ತಾತ ಎಲೆಯನ್ನು ನೋಡಿದ. “ಅವಾಗ ಇರ್ನಿಲ್ಲ.”

“ನಂಗೇಳಕ್ಕೆ ಏನಾಗಿತ್ತು ನಿಂಗೆ?”

ತಾತ ಖಾಲಿ ಎಲೆಯನ್ನೇ ಇನ್ನೊಮ್ಮೆ ಬಳಿದ. ಬಾಯಿಗೆ ಬಂದ ನೂರು ಚೇಷ್ಟೆಗಳನ್ನು ನಾನು ನುಂಗಿಕೊಂಡೆ. ನನ್ನ ಮಟ್ಟಿಗೆ ಅದು ಉಪವಾಸಕ್ಕಿಂತ ಕಠಿಣ ವ್ರತ.

ಅಜ್ಜಿ ನನ್ನ ಕೈಯಿಂದ ಸೌಟು ಕಿತ್ತುಕೊಂಡು ತಾನೇ ಬಡಿಸಿದಳು. ಆಮೇಲೆ, ನನ್ನ ಮುಖ ನೋಡದೆ ಹೇಳಿದಳು: “ಎಳೆ ಕಡಿಯಾದ್ನ ನೋಡ್ಕಂಡು ಸುಮ್ನಿರಕ್ಕೆ ನನ್ ಕೈಲಾಗಲ್ಲ. ಇನ್ಮೇಲೆ ಪಾಕದ ತಾವ್ ನೀನೇ ನಿಂತ್ಕ. ನಾನು ಆಚೆ ಜಗಲೀಲಿ ಕೂತಿರ್ತೀನಿ.”