ಕಾಲಿಡಬಾರದ ನಕಾಶೆ

"ನನ್ನ ನೀಲಿ ಸೀರಿ ಎಲ್ಲೈತ್ರಿ?"

ಆ ಶುಕ್ರವಾರ ಮುಂಜಾನೆ ನನ್ನ ಹೆಂಡತಿ ಸುಮಂಗಲಾ ಕಪಾಟಿನೊಳಗೆ ತಲೆ ಹಾಕಿ ಕೇಳಿದಳು.

"ಏನ್ ಫಂಕ್ಷನ್ ಐತಿ?" ಅಂದೆ.

"ಉಡಾಕಲ್ರಿ. ಇವತ್ತ ಅದು ಡೋಣಿ ಹೊಳಿ ಆಗತೈತಿ."

ತಿಕೋಟಾ ಹತ್ತಿರದ ಶಾಲೆಯಲ್ಲಿ ಆರನೆಯ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದಳು. ಕೆಲ ತಿಂಗಳಿಂದ ಅಂಗಳದಲ್ಲಿ ಮಕ್ಕಳಿಂದಲೇ ರಂಗೋಲಿ ಪುಡಿಯಲ್ಲಿ ಜಿಲ್ಲೆಯ ನಕಾಶೆ. ಒಬ್ಬೊಬ್ಬರೂ ಒಂದೊಂದು ಊರಾಗಿ ನಿಲ್ಲಬೇಕು. ("ಲೇ ಕಾಖಂಡಕಿ, ನೆಟ್ಟಗ ನಿಂದ್ರಲೇ!" ಎಂದು ಬಬಲೇಶ್ವರ ಬೈಯುತ್ತಿತ್ತಂತೆ.) ಆ ದಿನ ರೇಣುಕಾ ಎಂಬ ಹುಡುಗಿ ಸೀರೆಯ ಸೆರಗು ಹಿಡಿದು ಓಡಿದರೆ ಹೊಳೆ ಹರಿಯಿತು. ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವವರು ಅದನ್ನು ಜಿಗಿಯಬೇಕು.

ಮೊದಲು ಖಾಲಿ ಹಾಳೆ ಕೊಡುತ್ತಿದ್ದ ರೇಣುಕಾ, ಈ ನಕಾಶೆ ಶುರುವಾದ ಮೇಲೆ ಪರೀಕ್ಷೆಯಲ್ಲಿ ಬೆಂಚಿನ ಕೆಳಗೆ ಕಾಲಾಡಿಸಿ ದಿಕ್ಕು ನೆನೆದು ಉತ್ತರ ಬರೆಯತೊಡಗಿದ್ದಳು.

ಸಂಜೆಗೆ ನಕಾಶೆ ಅಳಿಸಿಹೋಗುತ್ತಿತ್ತು. "ಛಲೋ ಆತು ಬಿಡ್ರಿ, ನಾಳೆ ಮತ್ತ ಹುಡುಗ್ರೇ ಬರೀತಾರ" ಅನ್ನುತ್ತಿದ್ದಳು.

ಆ ಶುಕ್ರವಾರದ ಮರುದಿನವೇ ಅಡುಗೆಮನೆಯಲ್ಲಿ ಕುಸಿದಳು. ಆಸ್ಪತ್ರೆ ಮುಟ್ಟಲಿಲ್ಲ.

ಕಳೆದ ವಾರ ಶಾಲೆಯವರು ಕರೆದರು. ಅವಳ ನೆನಪಿಗೆ ಅಂಗಳದಲ್ಲಿ ಸಿಮೆಂಟಿನ ನಕಾಶೆ ಮಾಡಿಸಿದ್ದಾರೆ. ಆಯಿಲ್ ಪೇಂಟು. ಸುತ್ತ ಸರಪಳಿ. ಬೋರ್ಡಿನಲ್ಲಿ 'ಸಕ್ರಿಯ ಕಲಿಕಾ ಮೂಲೆ'. ಅದರ ಕೆಳಗೇ 'ಕಾಲಿಡಬಾರದು'. (ಬರೆದ ಪೇಂಟರಿಗಾದರೂ ನಗು ಬರಲಿಲ್ಲವೇ?)

ರಿಬ್ಬನ್ ಕತ್ತರಿಸಿದೆ. ಅತಿಥಿಯಾಗಿ ಬಂದಿದ್ದ ಸಾಹೇಬರು ರೇಣುಕಾಳನ್ನೇ ಕರೆದರು.

"ತಿಕೋಟಾದಿಂದ ಬಬಲೇಶ್ವರ ಯಾವ ದಿಕ್ಕಿಗೈತಿ, ಹೇಳವಾ?"

ಅವಳು ಸರಪಳಿ ಎತ್ತಿ ಒಳಗೆ ಕಾಲಿಡಲು ಹೋದಳು.

"ಏ, ಹೊರಗ ನಿಂದ್ರ! ಬಣ್ಣ ಹೋಗತೈತಿ!" ಹೆಡ್ ಮಾಸ್ತರರು ಗದರಿದರು.

ಹುಡುಗಿ ಹಿಂದೆ ಸರಿದಳು. ತನ್ನ ಕಾಲನ್ನೇ ನೋಡುತ್ತ ನಿಂತಳು.

"ಸಮಾಜದಾಗ ಈಕಿ ಮೊದಲಿಂದ ವೀಕ್ ಅದಾಳ್ರಿ" ಎಂದು ಮಾಸ್ತರರು ಸಾಹೇಬರಿಗೆ ಸಮಜಾಯಿಷಿ ಕೊಟ್ಟರು.

ಮೊದಲಿಂದ? ಯಾವ ಮೊದಲು?

"ಮಕ್ಕಳು ತುಳದ್ರ ಏನಾಗತೈತ್ರಿ ಸರ?" ಎಂದೆ.

"ಮ್ಯಾಲಿನವರು ಬಂದು ನೋಡೂತನಾ ಹೊಸಾದಂಗ ಇರಬೇಕಲ್ರಿ! ನೀವು ಫೋಟೋಕ್ಕ ಸ್ವಲ್ಪ ಈ ಕಡೆ ಬರ್ರಿ."

ನಾನೂ ಸುಮ್ಮನೆ ಆ ಕಡೆ ಸರಿದು ನಿಂತೆ. ಶಾಲು ಹೊದಿಸಿಕೊಂಡವನು ಜಗಳ ತೆಗೆಯುವುದು ಹೇಗೆ, ನೀವೇ ಹೇಳಿ. ನಕಾಶೆಯ ಮೂಲೆಯಲ್ಲಿ ಸುಮಂಗಲಾಳ ಹೆಸರು ಹೊಳೆಯುತ್ತಿತ್ತು.

ಅಥಣಿ ರಸ್ತೆಯ ಮನೆಗೆ ಬಂದು ಕಪಾಟು ತೆಗೆದೆ. ನೀಲಿ ಸೀರೆಯ ಅಂಚಿನಲ್ಲಿ ಆ ಶುಕ್ರವಾರದ ಮಣ್ಣು ಇನ್ನೂ ಇದೆ.

ಅವಳ ಹೆಸರಿನ ನಕಾಶೆಯ ಮೇಲೆ ಮಕ್ಕಳ ಒಂದು ಹೆಜ್ಜೆಯೂ ಇಲ್ಲ.