ಆಲ್ಬಮ್ ಮುಗಿದ ಮೇಲೆ ಸರಸಮ್ಮನ ಹಾಡು

ಸರಸಮ್ಮನವರನ್ನು ನಾನು ಮೊದಲು ಕಂಡದ್ದು ಒಂದು ಜಗಳದ ನಡುವೆ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ಬಿರುಬೇಸಿಗೆ. ಚೆನ್ನೈಯ ಪೆರಂಬೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಹದೇವ ಚಾಮರಾಜನಗರದ ಕಡೆಯವನು. ರೈಲು ಬೋಗಿಗಳ ಕಾರ್ಖಾನೆಯಲ್ಲಿ ಬಣ್ಣ ಬಳಿಯುವ ವಿಭಾಗದಲ್ಲಿದ್ದ. ಒಂದು ಮಧ್ಯಾಹ್ನ ಕ್ಯಾಸೆಟ್ಟೊಂದನ್ನು ಕೈಯಲ್ಲಿ ಹಿಡಿದು ಬಂದು ನಿಂತ.

“ಮೇಷ್ಟ್ರೇ, ಟಿ. ನಗರಕ್ಕೆ ಬನ್ನಿ ನನ್ ಜೊತೆ. ಅಂಗಡಿಯೋರು ಕನ್ನಡದೋರು. ನಾನೊಬ್ನೇ ಹೋದ್ರೆ ಬಾಯಿ ಜೋರಾಗ್ತದೆ. ನೀವಿದ್ರೆ ವಸಿ ಮರ್ವಾದೆಯಾಗಿ ಮಾತಾಡ್ತೀನಿ” ಎಂದ.

ಬಟ್ಟೆ ಅಂಗಡಿಗಳ ಸಾಲಿನ ಹಿಂದೆ, ಒಂದು ಸಸ್ಯಾಹಾರಿ ಹೋಟೆಲಿಗೆ ಅಂಟಿಕೊಂಡ ಕಿರಿದಾದ ಕೋಣೆಯೇ ಆ ಅಂಗಡಿ. ಗ್ರಾಮಫೋನ್ ತಟ್ಟೆಗಳನ್ನು ಕೊಳ್ಳಲಾಗದವರು ಖಾಲಿ ಕ್ಯಾಸೆಟ್ ತಂದುಕೊಟ್ಟರೆ ತಟ್ಟೆಯ ಹಾಡುಗಳನ್ನು ಅದಕ್ಕೆ ತುಂಬಿಸಿಕೊಡುತ್ತಿದ್ದರು. ಆ ಕಾಲದಲ್ಲಿ ಅಂಥ ಅಂಗಡಿ ಬೀದಿಗೊಂದು ಇತ್ತು. ಒಳಗೆ ಮೂವತ್ತರ ಆಸುಪಾಸಿನ ಒಬ್ಬಾಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತ ಕುಳಿತಿದ್ದರು. ತಟ್ಟೆ ಓಡಿದಷ್ಟು ಹೊತ್ತೂ ಕಾದು ಕೂರಬೇಕಾದ ಕೆಲಸವಾದ್ದರಿಂದ ಅಡುಗೆಯ ಅರ್ಧ ಅಲ್ಲಿಯೇ ಆಗುತ್ತಿತ್ತು.

“ಇದನ್ನ ತುಂಬ್ಸಿದ್ದು ಯಾರಮ್ಮ?” ಎಂದು ಮಹದೇವ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟ.

“ನಾನೇ. ಎಂತಾಯ್ತು? ಸ್ವರ ಎಳೀತದಾ?”

“ಎಳೆಯೋದಲ್ಲ. ಗಿಟಾರು ಮುಗೀತು, ಡ್ರಮ್ಮು ಮುಗೀತು. ಆಮೇಲೆ ಯಾರೋ ಹೆಂಗಸು ಬಂದು ಕೃಷ್ಣಂಗೆ ಎಣ್ಣೆನೀರು ಹಾಕ್ತಾವ್ರೆ!”

“ಅದು ನಾನೇ” ಎಂದರು ಆಕೆ, ನಾಚಿಕೆಯ ಸುಳಿವೂ ಇಲ್ಲದೆ. “ಚಂದ ಇಲ್ವಾ?”

“ಚಂದದ ಮಾತಲ್ಲಮ್ಮ. ಇಂಗ್ಲೆಂಡಿನೋರ ಆಲ್ಬಮ್ನಾಗೆ ನಿಮಗೇನ್ ಕೆಲ್ಸ?”

“ಅವರು ಬೇಗ ಮುಗಿಸಿದ್ರು, ಟೇಪು ಉಳೀತು. ದುಡ್ಡು ಕೊಟ್ಟವರಿಗೆ ಖಾಲಿ ಕೊಟ್ರೆ ಆಗ್ತದಾ? ಎಲೆ ಹಾಕಿ, ಅರ್ಧ ಬಡಿಸಿ, ಏಳಿ ಅಂತ ಹೇಳಿದ ಹಾಗೆ ಆಗುದಿಲ್ವಾ ಮಾರಾಯ್ರೆ?”

ತಟ್ಟೆಯ ಒಂದು ಮಗ್ಗುಲು ಸುಮಾರು ಇಪ್ಪತ್ತು ನಿಮಿಷ ಓಡುತ್ತದೆ. ಕ್ಯಾಸೆಟ್ಟಿನ ಒಂದು ಮಗ್ಗುಲು ಅರ್ಧ ಗಂಟೆ. ಉಳಿದ ಜಾಗಕ್ಕೆ ಬೇರೆ ಅಂಗಡಿಗಳವರು ಬೇರೆ ಯಾವುದಾದರೂ ಹಾಡಿನ ಚೂರು ತುಂಬುತ್ತಿದ್ದರು, ಇಲ್ಲವೇ ಹಾಗೆಯೇ ಬಿಡುತ್ತಿದ್ದರು. ಈಕೆ ತಟ್ಟೆಯ ಮುಳ್ಳನ್ನೆತ್ತಿ, ಸದ್ದು ಸೇರದಂತೆ ಫ್ಯಾನ್ ಆರಿಸಿ, ಮೈಕನ್ನು ಹತ್ತಿರಕ್ಕೆಳೆದು ತಾವೇ ಹಾಡುತ್ತಿದ್ದರು. ಟೇಪು ಮುಗಿಯುವ ತನಕ ಹಾಡುವುದು. ಹಾಡು ಎಲ್ಲಿ ಕತ್ತರಿಸಿತೋ ಅಲ್ಲಿಗೆ ಸರಿ.

“ನೋಡೀಮ್ಮ” ಎಂದ ಮಹದೇವ, ಮರ್ಯಾದೆಯ ಮಾತು ನೆನಪಿಸಿಕೊಂಡು. “ಆಲ್ಬಮ್ ಅಂದ್ರೆ ಬಿಡಿ ಹಾಡಲ್ಲ. ನಮ್ ಹುಡುಗ್ರು ಸ್ಟುಡಿಯೋನಾಗೆ ತಿಂಗಳುಗಟ್ಲೆ ಕೂತು, ಯಾವ್ದು ಮುಂದೆ ಯಾವ್ದು ಹಿಂದೆ ಅಂತ ನೋಡಿ ನೋಡಿ ಜೋಡ್ಸಿರ್ತಾರೆ. ನಾವು ಬೋಗಿ ಜೋಡ್ಸ್ದಂಗೆ. ಕೊನೇ ಬೋಗಿ ಅಂದ್ರೆ ಕೊನೇದು.”

“ಕೊನೆಗೆ ಗಾರ್ಡಿನ ಡಬ್ಬಿ ಇರ್ತದಲ್ಲ? ಅದಿಲ್ಲದೆ ರೈಲು ಬಿಡ್ತೀರಾ ನೀವು?”

ಹೋಟೆಲಿನ ಕಡೆಯಿಂದ ಯಾರೋ ನಕ್ಕರು. ಅಷ್ಟರಲ್ಲಿ ಆಕೆಯ ಗಂಡ ಜಯರಾಮರು ಹೋಟೆಲಿನ ಗಲ್ಲೆಯಿಂದೆದ್ದು ಬಂದು, “ಖಾಲಿಯೇ ಬೇಕಾದ್ರೆ ಖಾಲಿಯೇ ಕೊಡುವ. ಸರಸ, ಇವರದ್ದು ಇನ್ನೊಮ್ಮೆ ಮಾಡಿಕೊಡು” ಎಂದು ಮಾತು ಮುಗಿಸಿದರು. ಹೋಟೆಲು ಅವರ ಅಣ್ಣನದು. ಬೆಳಗ್ಗೆ ಸಂಜೆ ಜಯರಾಮರು ಅಲ್ಲಿ ಗಲ್ಲೆಗೆ ಕೂರುತ್ತಿದ್ದುದರಿಂದ ಹಾಡಿನ ಅಂಗಡಿ ಹೆಚ್ಚು ಕಡಿಮೆ ಸರಸಮ್ಮನವರ ಕೈಯಲ್ಲೇ ಇತ್ತು. ಊರು ಉಡುಪಿಯ ಹತ್ತಿರ. ಮನೆಯಲ್ಲಿ ಮಾತು ತುಳು. ಹಾಡು ಮಾತ್ರ ಕನ್ನಡ. ಆ ಹಾಡುಗಳೆಲ್ಲ ತಾಯಿಯಿಂದ ಬಂದವು.

ಮಹದೇವನಿಗೆ ಆ ಇಂಗ್ಲಿಷ್ ತಂಡದ ರುಚಿ ಹತ್ತಿಸಿದವನು ಕಾರ್ಖಾನೆಯ ಒಬ್ಬ ಆಂಗ್ಲೋ-ಇಂಡಿಯನ್ ಗೆಳೆಯ. ಅವನು ಆಸ್ಟ್ರೇಲಿಯಕ್ಕೆ ಹೋದಾಗ ರುಚಿಯನ್ನು ಇಲ್ಲಿ ಬಿಟ್ಟು ತಟ್ಟೆಗಳನ್ನು ಕೊಂಡೊಯ್ದ. ಅವನ್ನು ಮತ್ತೆ ಒಂದೊಂದಾಗಿ, ಹೊರಬಂದ ಕ್ರಮದಲ್ಲೇ, ಒಂದು ಹಾಡನ್ನೂ ಬಿಡದೆ ಕೂಡಿಸಿಕೊಳ್ಳಬೇಕೆಂಬುದು ಮಹದೇವನ ಹಟವಾಗಿತ್ತು.

ಹಾಡಿಲ್ಲದ ಕ್ಯಾಸೆಟ್ ಕೊಂಡೊಯ್ದವನು ತಿಂಗಳೊಳಗೆ ಮತ್ತೆ ನನ್ನನ್ನು ಕರೆದ. ಈ ಸಲ ಬಾಯಿ ಜೋರಿರಲಿಲ್ಲ.

“ಅಕ್ಕಾವ್ರೆ, ಹಾಡು ವಾಪಸ್ ಹಾಕ್ಕೊಡಿ.”

“ಯಾಕೆ? ನಿಮ್ಮ ಹುಡುಗರಿಗೆ ಬೇಜಾರಾಗುದಿಲ್ವಾ?”

“ನನ್ ಹೆಂಡ್ತಿ ಕೇಳ್ತಾಳೆ, ಆ ಯಮ್ಮ ಎಲ್ಲಿ ಅಂತ. ನೀವು ಬರ್ತೀರ ಅಂತ ಅವಳು ಅಷ್ಟು ಹೊತ್ತು ಗಲಾಟೆ ತಡ್ಕೊಂಡಿದ್ದಳಂತೆ. ಈಗ ಗಿಟಾರು ಸುರುವಾದೇಟ್ಗೆ ಸ್ವಿಚ್ಚು ತೆಗೀತಾಳೆ.” ಆಮೇಲೆ ಸೇರಿಸಿದ: “ನಾನೂ ನಿನ್ನೆ ಖಾಲಿ ಟೇಪು ಮುಗಿಯೋಗಂಟ ಕೂತಿದ್ದೆ.”

ಆಮೇಲಿನ ಎರಡು ಮೂರು ವರ್ಷಗಳಲ್ಲಿ ಆ ತಂಡದ ಅಷ್ಟೂ ಸ್ಟುಡಿಯೋ ಆಲ್ಬಮ್‌ಗಳು ಪೆರಂಬೂರಿಗೆ ಬಂದವು. ಒಂದನ್ನು ಬಿಟ್ಟು ಪ್ರತಿಯೊಂದರ ಬಾಲದಲ್ಲೂ ಸರಸಮ್ಮನವರ ಒಂದು ಹಾಡು. ಅವರಿಗೆ ಆ ತಂಡದವರ ಹೆಸರು ನೆನಪಿರುತ್ತಿರಲಿಲ್ಲ, “ನಿಮ್ಮ ಭಾವಂದಿರು” ಎಂದೇ ಹೇಳುವರು. ಆಲ್ಬಮ್‌ಗಳನ್ನು ಅವರು ಗುರುತಿಸುತ್ತಿದ್ದುದು ಹೊದಿಕೆಯ ಬಣ್ಣದಿಂದ ಮತ್ತು ಉಳಿಯುವ ಜಾಗದಿಂದ. ಹಸಿರು ಹೊದಿಕೆಯದರಲ್ಲಿ ಜಾಗ ಧಾರಾಳ, ಆದ್ದರಿಂದ ಅದು ಒಳ್ಳೆಯದು. ಎರಡು ತಟ್ಟೆಯ ದೊಡ್ಡ ಆಲ್ಬಮ್ಮಿನ ಮೇಲೆ ಅವರಿಗೆ ಸಿಟ್ಟು. “ಆ ಜನ ಮುಗಿಸುದೇ ಇಲ್ಲ. ಕೊನೆಗೆ ನನಗೆ ಕೆಮ್ಮಲಿಕ್ಕೂ ಜಾಗ ಇಲ್ಲ” ಎಂದು ದೂರುವರು. ಹಾಡುಗಳನ್ನು ಕೇಳಿದ್ದೀರಾ ಎಂದರೆ, “ನಾನು ಅವರು ಮುಗಿಸುದನ್ನು ಕಾಯುದು, ಕೇಳುದಲ್ಲ” ಎನ್ನುವರು. ಶ್ರುತಿಯನ್ನು ಮಾತ್ರ ಆ ತಂಡದವರಿಂದಲೇ ತೆಗೆದುಕೊಳ್ಳುತ್ತಿದ್ದರು. ತಂಬೂರಿ ಇರಲಿಲ್ಲ, ಆಲ್ಬಮ್ಮಿನ ಕೊನೆಯ ನಾದ ಎಲ್ಲಿ ನಿಂತಿತೋ ಅಲ್ಲಿಂದಲೇ ಅವರ ಹಾಡು ಹೊರಡುತ್ತಿತ್ತು.

ಸಿ.ಡಿ. ಬಂದ ಮೇಲೆ ಅಂಗಡಿ ಮುಚ್ಚಿತು. ಕೆಲವು ವರ್ಷಗಳ ಅನಂತರ ಜಯರಾಮರು ತೀರಿಕೊಂಡರು. ತಟ್ಟೆಗಳು ಯಾರ ಯಾರಿಗೋ ಹೋದವು. ಸರಸಮ್ಮ ಮಗ ಸಂತೋಷನೊಂದಿಗೆ ಬೆಸೆಂಟ್ ನಗರದಲ್ಲಿ ಸಮುದ್ರಕ್ಕೆ ಸಮೀಪದ ಒಂದು ಮನೆಗೆ ಬಂದರು. ಮಗಳು ವೀಕ್ಷಾ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ, ಟಿ. ನಗರದಲ್ಲೇ ಉಳಿದಳು. ಚೆನ್ನೈಯಲ್ಲಿರುವ ಅವರ ಕಡೆಯ ಯಾರ ಮನೆಯಲ್ಲಿ ಮದುವೆಯಾದರೂ ವಧೂವರರನ್ನು ಹಸೆಗೆ ಕರೆಯುವ ಶೋಭಾನೆಯನ್ನು ಸರಸಮ್ಮನೇ ಹಾಡಬೇಕು. ಆ ಹಾಡಿನ ಮಾತುಗಳು ಹಲವರಿಗೆ ಗೊತ್ತು. ಅವರು ಹಾಡುತ್ತಿದ್ದ ಧಾಟಿ ಮಾತ್ರ ಅವರ ಅಜ್ಜಿಯದು, ಬೇರೆ ಯಾರಿಗೂ ಬರುತ್ತಿರಲಿಲ್ಲ. ಅವರ ಮದುವೆಯಲ್ಲಿ ತಾಯಿ ಅದನ್ನೇ ಹಾಡಿದ್ದರು. ವೀಕ್ಷಾಳ ಮದುವೆಯಲ್ಲಿ ತಾವು ಹಾಡಿದ್ದಾಗಿತ್ತು, ಸಂತೋಷನ ಮದುವೆಯಲ್ಲೂ ಹಾಡಬೇಕೆಂಬುದೊಂದೇ ಅವರ ಆಸೆ.

ಸಂತೋಷನಿಗೆ ಹೆಣ್ಣು ಗೊತ್ತಾಗುವುದಕ್ಕೆ ಸ್ವಲ್ಪ ಮುಂಚೆ ಅವರ ಕುತ್ತಿಗೆಯಲ್ಲಿ ಥೈರಾಯ್ಡಿನ ಗಂಟು ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆಯಾಯಿತು, ಜೀವಕ್ಕೆ ಅಪಾಯವಿಲ್ಲವೆಂದರು. ಸ್ವರ ಮರಳಲಿಲ್ಲ. ಪಿಸುಮಾತಿನಷ್ಟು ಉಳಿಯಿತು. ಮಾತನ್ನು ಪಿಸುಗುಟ್ಟಬಹುದು, ಧಾಟಿಯನ್ನು ಪಿಸುಗುಟ್ಟಲಾಗುವುದಿಲ್ಲ. ಹಳೆಯ ಮದುವೆಗಳ ವಿಡಿಯೋಗಳನ್ನು ತರಿಸಿ ನೋಡಿದರು. ಎಲ್ಲದರಲ್ಲೂ ಅವರ ಬಾಯಿ ಆಡುತ್ತಿತ್ತು, ಮೇಲೆ ಯಾವುದೋ ಸಿನಿಮಾ ಹಾಡನ್ನು ಕೂರಿಸಿದ್ದರು.

ಆಗ ಅವರಿಗೆ ಹಸಿರು ಹೊದಿಕೆ ನೆನಪಾಯಿತು. ವೀಕ್ಷಾ ನನಗೆ ಫೋನ್ ಮಾಡಿ ತಾಯಿಯ ಕೈಗೆ ಕೊಟ್ಟಳು. “ಮಾಷ್ಟ್ರೇ” ಎಂಬ ಪಿಸುದನಿ ಕೇಳಿತು. “ಮಹದೇವರ ಟೇಪು ಉಂಟಾ ಕೇಳಿ. ಹಸಿರಿನದ್ದು, ಬಿ ಸೈಡು. ಜಾಗ ಹೆಚ್ಚಿದ್ದದ್ದಕ್ಕೆ ಅದರಲ್ಲಿ ಶೋಭಾನೆ ಹಾಕಿದ್ದೇನೆ.”

ಮಹದೇವ ನಿವೃತ್ತನಾಗಿ ಪೆರಂಬೂರಿನಲ್ಲೇ ಇದ್ದ. ಒಂದು ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿ ಅವನ ಕ್ಯಾಸೆಟ್ಟುಗಳಲ್ಲಿ ಅರ್ಧ ಹಾಳಾಗಿದ್ದವು. ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯೊಂದು ಉಳಿದಿತ್ತು. ಅದನ್ನೂ ಒಂದು ಹಳೆಯ ಟೇಪ್ ರೆಕಾರ್ಡರನ್ನೂ ಆಟೋದಲ್ಲಿ ಇಟ್ಟುಕೊಂಡು ನಾವಿಬ್ಬರು ಬೆಸೆಂಟ್ ನಗರಕ್ಕೆ ಹೋದೆವು.

“ಡಬಲ್ ಆಲ್ಬಮ್ ಹೋಯ್ತು ಅಕ್ಕಾವ್ರೆ” ಎಂದ ಮಹದೇವ, ಪೆಟ್ಟಿಗೆ ಇಳಿಸುತ್ತ.

“ಹೋಗ್ಲಿ” ಎಂದು ಸರಸಮ್ಮ ಪಿಸುಗುಟ್ಟಿದರು. “ಅದರಲ್ಲಿ ನಾನಿಲ್ಲ.”

ಹಸಿರು ಹೊದಿಕೆಯದು ಪೆಟ್ಟಿಗೆಯಲ್ಲೇ ಇತ್ತು. ವೀಕ್ಷಾ ನೇರವಾಗಿ ಕೊನೆಗೆ ಓಡಿಸಲು ಗುಂಡಿ ಒತ್ತಹೋದಾಗ ಮಹದೇವ ಅವಳ ಕೈ ತಡೆದ. “ಬೇಡ ಕಣಮ್ಮ. ಹಳೇ ಟೇಪು. ಜೋರಾಗಿ ಓಡ್ಸಿದ್ರೆ ಪಟ್ ಅಂತದೆ. ಮೊದ್ಲಿಂದ ಕೇಳ್ಬೇಕು.”

ಕೇಳಿದೆವು. ಟೇಪು ನಡುನಡುವೆ ನೀರಿನೊಳಗಿನಿಂದ ಬಂದಂತೆ ಮಬ್ಬಾಗುತ್ತಿತ್ತು. ಮಬ್ಬಾದಾಗಲೆಲ್ಲ ಸರಸಮ್ಮ ಸೆರಗಿನ ತುದಿಯನ್ನು ಹಿಡಿದುಕೊಳ್ಳುತ್ತಿದ್ದರು. ಕೊನೆಯ ಹಾಡಿನ ಕೀಬೋರ್ಡಿನ ಒಂದೇ ನಾದ ಉದ್ದಕ್ಕೆ ಎಳೆದು, ಸಣ್ಣಗಾಗಿ, ನಿಂತಿತು. ಟಕ್ಕೆಂಬ ಒಂದು ಸದ್ದು. ಅಂಗಡಿಯ ಫ್ಯಾನಿನ ಸ್ವಿಚ್ಚು ಅದು. ಆಮೇಲೆ ಮೂವತ್ತರ ಹರೆಯದ ಸರಸಮ್ಮ, ಸ್ಪಷ್ಟವಾಗಿ, ಅವಸರವಿಲ್ಲದೆ, ವಧೂವರರನ್ನು ಹಸೆಗೆ ಕರೆದರು. ಮೊದಲ ನುಡಿ, ಎರಡನೆಯದು, ಮೂರನೆಯದರ ನಡುವೆ ಟೇಪು ಮುಗಿದು ಗುಂಡಿ ಮೇಲೆ ಹಾರಿತು.

“ಅವ್ವಳವು ದಾನಾ?” ಎಂದು ವೀಕ್ಷಾ ತಮಿಳಿನಲ್ಲಿ ಕೇಳಿದಳು. ಇಷ್ಟೇನಾ ಎಂದು. ಅವಳಿಗೆ ತುಳುವೂ ಕನ್ನಡವೂ ಅರ್ಥವಾಗುತ್ತವೆ, ಬಾಯಿಗೆ ಬರುವುದು ತಮಿಳು.

“ಟೇಪು ಮುಗೀತಲ್ಲ. ಧಾಟಿ ಸಿಕ್ಕಿತಲ್ಲ. ಉಳಿದದ್ದು ನೀನು ಹಾಡು” ಎಂದರು ಸರಸಮ್ಮ.

“ನಾನಾ? ಅಮ್ಮಾ, ಎನಕ್ಕು ವರಾದು!” ನನಗೆ ಬರುವುದಿಲ್ಲ ಎಂದಳು.

“ನನಗೂ ಬರ್ತಿರ್ಲಿಲ್ಲ. ಟೇಪು ಉಳೀತು, ಹಾಡಿದೆ.”

ವೀಕ್ಷಾ ಹಾಡಿನ ಮಾತುಗಳನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡಳು. ಹಾಡನ್ನು ಮೊಬೈಲಿಗೆ ಇಳಿಸಿಕೊಂಡು ಬ್ಯಾಂಕಿಗೆ ಹೋಗುವ ಬಸ್ಸಿನಲ್ಲಿ ಕೇಳಿದಳು. ತಪ್ಪಿದಲ್ಲಿ ಸರಸಮ್ಮ ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ತಟ್ಟಿ ನಿಲ್ಲಿಸುವರು, ಮತ್ತೆ ತಟ್ಟಿ ಹೊರಡಿಸುವರು. ಆದರೆ ಒಂದು ತೊಡಕು ಉಳಿಯಿತು. ಮೊದಲು ಆ ಕೀಬೋರ್ಡಿನ ನಾದ ಕೇಳದಿದ್ದರೆ ಅವಳಿಗೆ ಶ್ರುತಿ ಸಿಗುತ್ತಿರಲಿಲ್ಲ. ಕಲಿತದ್ದೇ ಹಾಗೆ.

ಮದುವೆಯ ದಿನ ಹಸೆ ಸಿದ್ಧವಾಯಿತು, ನಾಗಸ್ವರ ನಿಂತಿತು, ಎಲ್ಲರೂ ವೀಕ್ಷಾಳ ಕಡೆ ನೋಡಿದರು. ಅವಳು ಚೀಟಿ ಹಿಡಿದು ಬಾಯಿ ತೆರೆದಳು, ಮುಚ್ಚಿದಳು. ಸರಸಮ್ಮ ಮಹದೇವನ ಕಡೆ ತಿರುಗಿದರು. ಅವನು ಮೊಬೈಲಿನಲ್ಲಿ ಆ ಆಲ್ಬಮ್ಮಿನ ಕೊನೆಯ ಹಾಡನ್ನು ಹುಡುಕಿ ಒತ್ತಿದ. ಅವಸರದಲ್ಲಿ ಹಾಡಿನ ನಡುವಿನ ಡ್ರಮ್ಮು ಮಂಟಪಕ್ಕೆಲ್ಲ ಕೇಳುವಂತೆ ಬಡಿಯಿತು.

ಹೆಣ್ಣಿನ ಕಡೆಯ ಹಿರಿಯರೊಬ್ಬರು ಬೆಚ್ಚಿ, “ಇದು ಯಾವ ಊರಿನ ಕ್ರಮ?” ಎಂದರು.

“ನಮ್ಮದೇ” ಎಂದರು ಸರಸಮ್ಮ. ಪಿಸುಮಾತಾದರೂ ಹತ್ತಿರದವರಿಗೆಲ್ಲ ಕೇಳಿತು.

ಮಹದೇವ ಹಾಡನ್ನು ಮುಂದಕ್ಕೆ ಸರಿಸಿದ. ಕೀಬೋರ್ಡಿನ ನಾದ ಬಂದು ನಿಂತ ಕಡೆಯಿಂದ ವೀಕ್ಷಾ ಎತ್ತಿಕೊಂಡಳು. ಎರಡು ಕಡೆ ಉಸಿರು ಸಾಲಲಿಲ್ಲ. ಮೂರನೆಯ ನುಡಿಯಲ್ಲಿ, ಟೇಪು ಕತ್ತರಿಸಿದ ಜಾಗಕ್ಕೆ ಬಂದಾಗ ಸರಸಮ್ಮನವರ ಬೆರಳು ಕುರ್ಚಿಯ ಕೈಯ ಮೇಲೆ ಒಮ್ಮೆ ತಟ್ಟಿತು. ಅವಳು ನಿಲ್ಲದೆ ದಾಟಿದಳು. ಕೊನೆಯ ನುಡಿಯವರೆಗೂ ಹಾಡಿದಳು. ಸಂತೋಷ ಮತ್ತು ಅವನ ಹೆಂಡತಿ ಹಸೆಯ ಮೇಲೆ ಕುಳಿತರು.

ಇದಾಗಿ ಎರಡು ವರ್ಷವಾಯಿತು. ಮಹದೇವ ತಗಡಿನ ಪೆಟ್ಟಿಗೆಯನ್ನು ಬೆಸೆಂಟ್ ನಗರದಲ್ಲೇ ಬಿಟ್ಟಿದ್ದಾನೆ. ಭಾನುವಾರಗಳಂದು ವೀಕ್ಷಾ ತಾಯಿಯ ಮನೆಗೆ ಬರುತ್ತಾಳೆ. ತಾಯಿ ಮಗಳು ಒಂದೊಂದೇ ಕ್ಯಾಸೆಟ್ ಹಾಕಿ, ಬಾಲದಲ್ಲಿ ಕತ್ತರಿಸಿಹೋದ ಹಾಡುಗಳನ್ನು ಒಂದೊಂದಾಗಿ ಪೂರ್ತಿ ಮಾಡುತ್ತಿದ್ದಾರೆ. ಮುಂದಕ್ಕೆ ಓಡಿಸುವಂತಿಲ್ಲವಾದ್ದರಿಂದ ಆಲ್ಬಮ್ಮನ್ನು ಮೊದಲಿನಿಂದ ಕೇಳಲೇಬೇಕು. ಇಷ್ಟು ವರ್ಷ ಕಾದು ಕುಳಿತಿದ್ದವರು ಈಗ ಕೇಳುತ್ತಿದ್ದಾರೆ, ಅಭಿಪ್ರಾಯಗಳೂ ಹುಟ್ಟಿಕೊಂಡಿವೆ. ಮೊದಲ ಆಲ್ಬಮ್ಮಿನಲ್ಲಿ ಹಾಡುವವನಿಗೆ ಅವಸರ ಹೆಚ್ಚಂತೆ. ಮೂರನೆಯದರ ಹೊತ್ತಿಗೆ ಸುಧಾರಿಸಿದ್ದಾನಂತೆ. “ಆ ಡ್ರಮ್ಮಿನವ ಪಾಪ, ಎಲ್ಲರಿಗೂ ಕಾಯ್ತಾನೆ” ಎಂದು ಒಮ್ಮೆ ನನ್ನ ಕಿವಿಯ ಹತ್ತಿರ ಹೇಳಿದರು.

ಕಳೆದ ಭಾನುವಾರ ನಾನು ಹೋದಾಗ ಆಲ್ಬಮ್ ಮುಗಿಯಲು ಇನ್ನೂ ಒಂದು ಹಾಡು ಇತ್ತು. ಕೂರಿ ಎಂದು ಕೈಸನ್ನೆ ಮಾಡಿದರು. ವೀಕ್ಷಾ ನೆಲದ ಮೇಲೆ ಚೀಟಿ ಹಿಡಿದು ಕುಳಿತಿದ್ದಳು. ಸೆಕೆ ತುಂಬ ಇತ್ತು. ಗಿಟಾರಿನ ಕೊನೆಯ ನಾದ ಇಳಿಯತೊಡಗಿದಾಗ ಸರಸಮ್ಮ ನಿಧಾನವಾಗಿ ಎದ್ದು, ಗೋಡೆಯ ಬಳಿಗೆ ಹೋಗಿ, ಫ್ಯಾನ್ ಆರಿಸಿದರು.